ಕರಡಿಯೂ ಕಾಯಿದೆಯೂ

ಕೊಟ್ಟೂರಿನಿಂದ ಕೂಡ್ಲಿಗಿಯ ಮಾರ್ಗವಾಗಿ ಗುಡೇಕೋಟೆಯ ಕಡೆಗೆ ಪ್ರಯಾಣ ಮಾಡಿದವರಿಗೆ ಅಲ್ಲಿಯ ನೆಲದ ಲಕ್ಷಣವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಬಂಡೆಯ ಮೇಲೆ ಬಂಡೆ, ಗುಂಡಿನ ಮೇಲೆ ಗುಂಡು. ಯಾರೋ ದೈತ್ಯಬಾಲಕರು ಆಡಿ ಬೇಸತ್ತು ಬಿಟ್ಟುಹೋದರೋ ಎಂಬಂತೆ ನಿಂತಿರುವ ಗುಡ್ಡಗಳು. ಅವುಗಳ ಬುಡದಲ್ಲಿ ಕುರುಚಲು ಕಾಡು. ಕಾಡು ಮುಗಿಯಿತೆನ್ನುವಲ್ಲಿ ಮೆಕ್ಕೆಜೋಳದ ಹೊಲ, ಕಡಲೆಕಾಯಿಯ ಹೊಲ, ಹುಣಿಸೆಯ ತೋಪು. ಮಲೆನಾಡಿನ ಕಾಡನ್ನು ಕಂಡು ಬಂದವರು ಇದನ್ನು ಕಾಡೆಂದು ಒಪ್ಪಿಕೊಳ್ಳಲು ಹಿಂದೆಗೆಯುತ್ತಾರೆ. ಆದರೆ ಕರಡಿಗೆ ಈ ವಿಷಯದಲ್ಲಿ ಯಾವ ಸಂದೇಹವೂ ಇಲ್ಲ. ಹಗಲಿನ ಬಿಸಿಲಿಗೆ ತಂಪಾದ ಗವಿ, ಇರುಳಿನ ಊಟಕ್ಕೆ ಗೆದ್ದಲಿನ ಹುತ್ತ, ಕಾಲಕಾಲಕ್ಕೆ ಕವಳೆ, ಬಾರೆ, ಜಾನೆ, ಉಲುಪಿ ಮೊದಲಾದ ಹಣ್ಣುಗಳು. ಇಷ್ಟು ದೊರೆತರೆ ಅದಕ್ಕೆ ಅದೇ ಮಹಾರಣ್ಯ. ಕಿಷ್ಕಿಂಧೆಯೆಂದು ಜನರು ನಂಬಿರುವ ಹಂಪೆ ಆನೆಗೊಂದಿಗಳ ಪ್ರಾಂತ ಇಲ್ಲಿಗೆ ಬಹಳ ದೂರವೇನಲ್ಲ. ಸುಗ್ರೀವನ ಬಳಿ ಜಾಂಬವಂತನಿದ್ದನೆಂದು ಕಥೆ ಹೇಳಿದ ಪೂರ್ವಿಕರು ಈ ಗುಡ್ಡಗಳನ್ನು ಕಣ್ಣಾರೆ ನೋಡಿಯೇ ಹೇಳಿರಬೇಕೆಂದು ನಮಗೆ ತೋರುತ್ತದೆ.

ಈ ಪ್ರಾಣಿಯನ್ನು ಇಂಗ್ಲಿಷಿನವರು ಸೋಮಾರಿ ಕರಡಿ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಇದು ಕರಡಿಗೆ ಆದ ಮೊದಲನೆಯ ಅನ್ಯಾಯ. 1791ರಲ್ಲಿ ಜಾರ್ಜ್ ಷಾ ಎಂಬ ಪ್ರಾಣಿಶಾಸ್ತ್ರಜ್ಞನು ಇದರ ಉದ್ದವಾದ ಉಗುರುಗಳಿಂದ ಮೋಸಹೋಗಿ, ಅಮೆರಿಕಾ ಖಂಡದಲ್ಲಿ ಮರಕ್ಕೆ ಜೋತುಬೀಳುವ ಸ್ಲಾತ್ ಎಂಬ ಜಂತುವಿನ ಜಾತಿಗೆ ಇದನ್ನು ಸೇರಿಸಿಬಿಟ್ಟನು. ತಪ್ಪು ತಿದ್ದಲ್ಪಟ್ಟಿತು, ಹೆಸರು ಮಾತ್ರ ಉಳಿಯಿತು. ವಾಸ್ತವದಲ್ಲಿ ಆ ಉಗುರುಗಳು ಕಲ್ಲಿನಂತೆ ಗಟ್ಟಿಯಾದ ಹುತ್ತವನ್ನು ಅಗೆಯುವುದಕ್ಕೆ. ಮೇಲಿನ ಸಾಲಿನ ನಡುವೆ ಎರಡು ಹಲ್ಲುಗಳು ಇಲ್ಲದಿರುವುದು ಗೆದ್ದಲನ್ನು ಗಾಳಿಯೊಡನೆ ಹೀರಿಕೊಳ್ಳುವುದಕ್ಕೆ. ತಾಯಿಯು ಮರಿಗಳನ್ನು ಬೆನ್ನಮೇಲೆ ಕೂರಿಸಿಕೊಂಡು ತಿರುಗುತ್ತದೆ. ಭರತಖಂಡ, ನೇಪಾಳ, ಸಿಂಹಳ, ಇಷ್ಟೇ ಇದರ ಸಂಸಾರದ ವಿಸ್ತಾರ. ಜಗತ್ತಿನ ಬೇರೆ ಕಡೆಯಲ್ಲಿ ಇದು ಕಾಡುಪ್ರಾಣಿಯಾಗಿ ಉಳಿದಿಲ್ಲ.

ಇಂಥ ಪ್ರಾಣಿಯ ರಕ್ಷಣೆಗಾಗಿ 1994ರಲ್ಲಿ ದರೋಜಿಯಲ್ಲಿಯೂ, 2013ರಲ್ಲಿ ಗುಡೇಕೋಟೆಯಲ್ಲಿಯೂ ಕರಡಿಧಾಮಗಳು ಏರ್ಪಟ್ಟವು. ಹಾಗಾದರೆ ಧಾಮವೆಂದರೇನು? ಅದರೊಳಗೆ ಏನು ಮಾಡಿದರೆ ಅಪರಾಧ? ಅಪರಾಧಕ್ಕೆ ಏನು ಶಿಕ್ಷೆ? ಪತ್ರಿಕೆಗಳಲ್ಲಿ ಯಾರೋ ಬಂಧಿತರಾದರೆಂಬ ವರದಿಯನ್ನು ಓದುವ ನಮ್ಮಲ್ಲಿ ಅನೇಕರಿಗೆ ಇದು ತಿಳಿಯದು. ಈ ಭಾಷಣದಲ್ಲಿ ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇವೆ.

ಪ್ರಾಣಿಹಿಂಸೆಗೆ ರಾಜದಂಡವೆಂಬುದು ಪಾಶ್ಚಾತ್ಯರಿಂದ ನಾವು ಕಲಿತ ಪಾಠವೆಂದು ಕೆಲವರು ತಿಳಿದಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿದರೆ ಈ ಭ್ರಮೆ ಹೋಗುತ್ತದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು ಆ ಗ್ರಂಥವನ್ನು 1909ರಲ್ಲಿ ಅಚ್ಚುಹಾಕಿಸಿದರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿಯಷ್ಟೆ. ಅದರಲ್ಲಿ ಅಭಯವನಗಳ ಮಾತು ಬರುತ್ತದೆ. ಅಲ್ಲಿಯ ಮೃಗ, ಪಕ್ಷಿ, ಮತ್ಸ್ಯಗಳನ್ನು ಕಟ್ಟಿದವನಿಗೂ ಕೊಂದವನಿಗೂ ಹಿಂಸಿಸಿದವನಿಗೂ ಉತ್ತಮದಂಡ. ಸಂಸಾರಸ್ಥನು ಅದೇ ತಪ್ಪನ್ನು ಮಾಡಿದರೆ ಮಧ್ಯಮದಂಡ. ಉತ್ತಮವೆಂದರೆ ಇಲ್ಲಿ ಒಳ್ಳೆಯದೆಂದಲ್ಲ, ಅತಿ ಹೆಚ್ಚಿನದೆಂದು. ಕಸುಬಿಗಾಗಿ ಕೊಲ್ಲುವವನನ್ನೂ ಹೊಟ್ಟೆಪಾಡಿನ ಗೃಹಸ್ಥನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕ ಆ ಮುದಿ ಬ್ರಾಹ್ಮಣನಿಗೆ ಇತ್ತು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುವುದು. ಅಶೋಕನೂ ತನ್ನ ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷವಾದಾಗ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದನ್ನು ಕಂಬಗಳಲ್ಲಿ ಕೆತ್ತಿಸಿದನು. ಇಂದಿನ ಕಾಯಿದೆಯ ಅನುಸೂಚಿಗಳಿಗೆ ಅದೇ ಹಿರಿಯಜ್ಜ.

ಇದರ ನಡುವೆ ಒಂದು ವಿಚಿತ್ರವಾದ ಕಾಲವೂ ಬಂದು ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸರ್ಕಾರವು ಹುಲಿ, ಚಿರತೆ, ತೋಳ, ಕರಡಿಗಳನ್ನು ಕೊಂದು ತಂದವರಿಗೆ ಬಹುಮಾನ ಕೊಡುತ್ತಿತ್ತು. ಪ್ರತಿ ವರ್ಷವೂ ಎಷ್ಟು ತಲೆ, ಎಷ್ಟು ಹಣ ಎಂಬ ಲೆಕ್ಕವನ್ನು ಅಚ್ಚುಹಾಕಿಸುತ್ತಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯ ಭಾಗಗಳು. ಅಜ್ಜನಿಗೆ ಬಹುಮಾನ ಗಳಿಸಿಕೊಟ್ಟ ಕೆಲಸವೇ ಮೊಮ್ಮಗನಿಗೆ ಸೆರೆಮನೆಯ ಬಾಗಿಲನ್ನು ತೆರೆಯಿತೆಂದರೆ ಹಳ್ಳಿಯವನು ಸರ್ಕಾರದ ನೀತಿಯನ್ನು ಕಂಡು ಬೆರಗಾಗುವುದರಲ್ಲಿ ಆಶ್ಚರ್ಯವಿಲ್ಲ. ಬೇಟೆಯನ್ನು ಹತೋಟಿಗೆ ತರುವ ಶಾಸನಗಳೂ ಆ ಕಾಲದಲ್ಲಿ ಇಲ್ಲದಿರಲಿಲ್ಲ. 1882ರ ಮದರಾಸಿನ ಅರಣ್ಯ ಶಾಸನ, ಮೈಸೂರಿನಲ್ಲಿ 1901ರ ಬೇಟೆ ಮತ್ತು ಮೀನುಗಳ ರೆಗ್ಯುಲೇಷನ್, ಬ್ರಿಟಿಷ್ ಇಂಡಿಯಾದಲ್ಲಿ 1912ರ ಕಾಡುಹಕ್ಕಿ ಮತ್ತು ಪ್ರಾಣಿಗಳ ಶಾಸನ, ಇವು ಇದ್ದವು. ಆದರೆ ಇವುಗಳ ಮುಖ್ಯ ಕಾಳಜಿ ಬೇಟೆಯಾಡುವವರಿಗೆ ಬೇಟೆ ಮುಗಿದುಹೋಗದಿರಲೆಂಬುದು. 1947ರಲ್ಲಿ ಮಧ್ಯಪ್ರಾಂತದ ಕೊರಿಯಾ ಸಂಸ್ಥಾನದಲ್ಲಿ ಒಂದೇ ರಾತ್ರಿ ಮೂರು ಚೀತಾಗಳು ಗುಂಡಿಗೆ ಬಲಿಯಾದವು; 1952ರಲ್ಲಿ ಆ ಪ್ರಾಣಿಯು ನಮ್ಮ ದೇಶದಲ್ಲಿ ನಿರ್ವಂಶವಾಯಿತೆಂದು ಸಾರಲಾಯಿತು. 2022ರಲ್ಲಿ ಆಫ್ರಿಕಾದಿಂದ ವಿಮಾನದಲ್ಲಿ ಚೀತಾಗಳನ್ನು ತರಿಸಬೇಕಾದ ಸ್ಥಿತಿ ಹೀಗೆ ಒದಗಿತು.

ಈಗ ಇಡೀ ದೇಶಕ್ಕೆ ಅನ್ವಯಿಸುವುದು 1972ರ ವನ್ಯಜೀವಿ ಸಂರಕ್ಷಣಾ ಶಾಸನ. ಅದಕ್ಕೆ ಅನೇಕ ಸಲ ತಿದ್ದುಪಡಿಗಳಾಗಿವೆ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮೊದಲು ಆರು ಅನುಸೂಚಿಗಳಿದ್ದುವು, ಈಗ ನಾಲ್ಕು. ಮೊದಲನೆಯದರಲ್ಲಿ ಅತ್ಯಂತ ಕಟ್ಟುನಿಟ್ಟಾದ ರಕ್ಷಣೆಗೆ ಪಾತ್ರವಾದ ಪ್ರಾಣಿಗಳು. ನಮ್ಮ ಕರಡಿ, ಕೃಷ್ಣಮೃಗ, ತೋಳ, ನವಿಲು, ಚಿಪ್ಪುಹಂದಿ, ಯರ್ಲಡ್ಡು ಹಕ್ಕಿ ಇವೆಲ್ಲ ಅದರಲ್ಲಿವೆ. ಎರಡನೆಯದರಲ್ಲಿ ಉಳಿದ ರಕ್ಷಿತ ಪ್ರಾಣಿಗಳು. ರೈತನ ವೈರಿಯಾದ ಕಾಡುಹಂದಿಯೂ ಇಲ್ಲಿ ಸೇರಿದೆ. ಮೂರನೆಯದು ಗಿಡಮರಗಳಿಗೆ, ನಾಲ್ಕನೆಯದು ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದಕ್ಕೆ ಸಂಬಂಧಪಟ್ಟದ್ದು.

ಶಾಸನದ ಭಾಷೆಯಲ್ಲಿ ಬೇಟೆಯೆಂಬ ಪದಕ್ಕೆ ನಾವು ದಿನಬಳಕೆಯಲ್ಲಿ ಕೊಡುವ ಅರ್ಥಕ್ಕಿಂತ ಬಹಳ ವಿಶಾಲವಾದ ಅರ್ಥವುಂಟು. ಕೋವಿ ಹಿಡಿದು ಕೊಲ್ಲುವುದು ಮಾತ್ರವಲ್ಲ; ವಿಷವಿಡುವುದು, ಬಲೆಯೊಡ್ಡುವುದು, ಉರುಲು ಹಾಕುವುದು, ಹಿಡಿಯುವುದು, ಅಟ್ಟುವುದು, ಆಮಿಷವೊಡ್ಡುವುದು, ಗಾಯಪಡಿಸುವುದು, ಅಂಗವನ್ನು ಕತ್ತರಿಸಿಕೊಳ್ಳುವುದು ಇವೆಲ್ಲವೂ ಬೇಟೆಯೇ. ಹಕ್ಕಿಗಳ ಮತ್ತು ಸರೀಸೃಪಗಳ ವಿಷಯದಲ್ಲಿ ಮೊಟ್ಟೆಯನ್ನು ಒಡೆಯುವುದೂ ಗೂಡನ್ನು ಕೆದಕುವುದೂ ಬೇಟೆ. ಇಂಥ ಕೆಲಸಕ್ಕೆ ಕೈಯಿಕ್ಕಿ ಅದು ಕೈಗೂಡದೆ ಹೋದರೂ ಅಪರಾಧ ಅಪರಾಧವೇ. ಆದಕಾರಣ ಉರುಲಿಗೆ ಏನೂ ಬೀಳಲಿಲ್ಲವೆಂಬ ಸಮಾಧಾನ ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಇನ್ನು ಶಿಕ್ಷೆಯ ಮಾತು. ಶಾಸನದ 51ನೆಯ ಪ್ರಕರಣವು ಇದಕ್ಕೆ ಮೂಲ. ಅದನ್ನು ನಿದರ್ಶನಗಳಿಂದ ಹೇಳಿದರೆ ಹೆಚ್ಚು ಸ್ಪಷ್ಟವಾದೀತು. ಹಗರಿಬೊಮ್ಮನಹಳ್ಳಿಯ ಕಡೆಯ ಒಬ್ಬ ರೈತನು ತನ್ನ ಹೊಲದ ಅಂಚಿನಲ್ಲಿ ಕಾಡುಹಂದಿಗೆ ಉರುಲಿಟ್ಟು ಹಂದಿಯನ್ನು ಹಿಡಿದನೆಂದು ಇಟ್ಟುಕೊಳ್ಳೋಣ. ಇದು ಸಾಮಾನ್ಯ ವರ್ಗದ ಅಪರಾಧ. ಮೂರು ವರ್ಷದವರೆಗೆ ಸಜೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆ, ಇಲ್ಲವೆ ಎರಡೂ. 2022ರ ತಿದ್ದುಪಡಿಗೆ ಮೊದಲು ಈ ಜುಲ್ಮಾನೆಯ ಮಿತಿ 25,000 ರೂಪಾಯಿ ಆಗಿತ್ತು. ಇಲ್ಲಿ ಕನಿಷ್ಠ ಶಿಕ್ಷೆಯೆಂಬುದಿಲ್ಲ. ನ್ಯಾಯಾಧೀಶರು ಸಂದರ್ಭ ನೋಡಿ ಸ್ವಲ್ಪದರಲ್ಲಿ ಬಿಟ್ಟರೂ ಬಿಡಬಹುದು. ಅದೇ ಮನುಷ್ಯನು ಅದೇ ಹಂದಿಗೆ ಅದೇ ಉರುಲನ್ನು ಗುಡೇಕೋಟೆಯ ಧಾಮದ ಎಲ್ಲೆಯೊಳಗೆ ಇಟ್ಟನೆಂದರೆ ಸ್ಥಿತಿ ಪೂರಾ ಬದಲಾಗುತ್ತದೆ. ಧಾಮದೊಳಗಿನ ಬೇಟೆಗೆ ಮೂರು ವರ್ಷಕ್ಕೆ ಕಡಮೆಯಾಗದ, ಏಳು ವರ್ಷದವರೆಗೆ ಹೋಗಬಹುದಾದ ಸಜೆ. ಅದರ ಜೊತೆಗೆ 25,000ಕ್ಕೆ ಕಡಮೆಯಾಗದ ಜುಲ್ಮಾನೆ. ಇಲ್ಲಿ ಸಜೆ ಅಥವಾ ಜುಲ್ಮಾನೆಯೆಂಬ ಆಯ್ಕೆ ಇಲ್ಲ, ಎರಡೂ ಕಡ್ಡಾಯ. ಮೂರನೆಯ ನಿದರ್ಶನ: ಉರುಲು ಹೊಲದಲ್ಲಿಯೇ ಇದೆ, ಧಾಮ ಎಷ್ಟೋ ದೂರದಲ್ಲಿದೆ, ಆದರೆ ಬಿದ್ದದ್ದು ಹಂದಿಯಲ್ಲ, ಕರಡಿ. ಕರಡಿ ಮೊದಲನೆಯ ಅನುಸೂಚಿಯ ಪ್ರಾಣಿಯಾದುದರಿಂದ ಮೊಕದ್ದಮೆ ಸಿದ್ಧವಾದರೆ ಅದೇ ಮೂರರಿಂದ ಏಳು ವರ್ಷದ ಮಾತು ಬರುತ್ತದೆ. ಒಟ್ಟಿನಲ್ಲಿ ಶಾಸನವು ಎರಡು ದಾರಗಳಿಂದ ಹೆಣೆದ ಬಲೆ: ಒಂದು ಸ್ಥಳವನ್ನು ನೋಡುತ್ತದೆ, ಇನ್ನೊಂದು ಪ್ರಾಣಿಯನ್ನು ನೋಡುತ್ತದೆ, ಯಾವುದಕ್ಕೆ ಸಿಕ್ಕಿಕೊಂಡರೂ ಶಿಕ್ಷೆ ಭಾರಿಯಾಗುತ್ತದೆ.

ಹುಲಿಯ ಮೀಸಲು ಕಾಡಿನ ಒಳಗಣ ಭಾಗಕ್ಕೆ 2006ರಲ್ಲಿ ಇನ್ನೂ ಉಗ್ರವಾದ ಶಿಕ್ಷೆಯನ್ನು ಸೇರಿಸಿದರು. ಅಲ್ಲಿ ಮೊದಲನೆಯ ಅಪರಾಧಕ್ಕೆ 50,000ದಿಂದ ಎರಡು ಲಕ್ಷದವರೆಗೆ ಜುಲ್ಮಾನೆ. ಎರಡನೆಯ ಸಲ ಸಿಕ್ಕಿಬಿದ್ದರೆ ಏಳು ವರ್ಷಕ್ಕೆ ಕಡಮೆಯಿಲ್ಲದ ಸಜೆಯೂ ಐದು ಲಕ್ಷದಿಂದ ಐವತ್ತು ಲಕ್ಷದವರೆಗೆ ಜುಲ್ಮಾನೆಯೂ. ಕೊಟ್ಟೂರಿನ ಸೀಮೆಯಲ್ಲಿ ಹುಲಿಯ ಮೀಸಲಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ.

ಧಾಮದಲ್ಲಿ ಪ್ರಾಣಿಯನ್ನು ಮುಟ್ಟದೆಯೂ ಅಪರಾಧ ಮಾಡಬಹುದು. ಅದರ ವಾಸಸ್ಥಾನವನ್ನು ಕೆಡಿಸುವುದು, ನೀರಿನ ಹರಿವನ್ನು ತಿರುಗಿಸುವುದು ಅಥವಾ ತಡೆಯುವುದು, ಬೆಂಕಿಯಿಡುವುದು, ಆಯುಧದೊಡನೆ ಅನುಮತಿಯಿಲ್ಲದೆ ಒಳಹೋಗುವುದು, ವಿಷಪದಾರ್ಥವನ್ನೂ ಸಿಡಿಮದ್ದನ್ನೂ ಉಪಯೋಗಿಸುವುದು ಇವೆಲ್ಲ ನಿಷಿದ್ಧ. ಕರಡಿಯ ಪಾಲಿಗೆ ಈ ನಿಷೇಧಗಳು ಬೇಟೆಯ ನಿಷೇಧಕ್ಕಿಂತ ಮುಖ್ಯವೆಂದು ನಾವು ಭಾವಿಸುತ್ತೇವೆ. ಮರ ಕಡಿದರೆ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಮತ್ತೆ ಬೆಳೆದೀತು. ಗವಿಯಿರುವ ಗುಂಡುಕಲ್ಲನ್ನು ಸಿಡಿಸಿ ಜಲ್ಲಿ ಮಾಡಿದ ಮೇಲೆ ಅದನ್ನು ಬೆಳೆಸುವ ಉಪಾಯ ಯಾರ ಕೈಯಲ್ಲಿದೆ? ನಗರದಲ್ಲಿರುವ ನಮ್ಮ ಅಡಿಗೆಮನೆಯ ಕಪ್ಪುಕಲ್ಲಿನ ಹಾಸು ಯಾವ ಗುಡ್ಡದಿಂದ ಬಂದಿತೆಂದು ನಾವಾರೂ ವಿಚಾರಿಸುವುದಿಲ್ಲ. ಆದರೆ ಇಲ್ಲಿ ಶಾಸನದಲ್ಲಿಯೇ ಒಂದು ವೈಪರೀತ್ಯವನ್ನು ಕಾಣುತ್ತೇವೆ. ಧಾಮದಲ್ಲಿ ಒಂದು ಹಂದಿಯನ್ನು ಹಿಡಿದವನಿಗೆ ಕನಿಷ್ಠ ಮೂರು ವರ್ಷ ತಪ್ಪದು. ಧಾಮದ ಎಲ್ಲೆಯನ್ನೇ ಒತ್ತಿ ಬದಲಾಯಿಸಿದವನಿಗೂ ಹಾಗೆಯೇ. ಆದರೆ ಎಲ್ಲೆಯನ್ನು ಮುಟ್ಟದೆ ಒಳಗಿನ ನೆಲೆಯನ್ನು ಹಾಳುಗೆಡವಿದವನ ಅಪರಾಧವು ಸಾಮಾನ್ಯ ವರ್ಗಕ್ಕೆ ಸೇರುತ್ತದೆ; ಅವನಿಗೆ ಕನಿಷ್ಠ ಶಿಕ್ಷೆಯ ಭಯವಿಲ್ಲ. ಒಂದು ಕರಡಿಯನ್ನು ಕೊಂದುದಕ್ಕಿಂತ ಹತ್ತು ಕರಡಿಗಳ ಮನೆಯನ್ನು ಸಿಡಿಸಿದ್ದು ಹಗುರವಾದ ತಪ್ಪೆ?

ಹಗರಿಬೊಮ್ಮನಹಳ್ಳಿಯ ತಾಲ್ಲೂಕಿನ ಅಂಕಸಮುದ್ರದ ಕಥೆ ಇನ್ನೊಂದು ಬಗೆಯದು. ಅದು ಕಾಡಲ್ಲ; ಶತಮಾನಗಳ ಹಿಂದೆ ಊರವರ ಬೇಸಾಯಕ್ಕಾಗಿ ಕಟ್ಟಿದ ಕೆರೆ. ವಿಸ್ತಾರ 244 ಎಕರೆಗಳಷ್ಟು. ಕೆರೆಯಂಗಳದ ಜಾಲಿಯ ಮರಗಳಲ್ಲಿ ಹಕ್ಕಿಗಳು ಗೂಡುಕಟ್ಟುತ್ತವೆ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಮೊದಲಾಗಿ 240 ಬಗೆಯ ಹಕ್ಕಿಗಳನ್ನು ಅಲ್ಲಿ ಗುರುತಿಸಿದ್ದಾರೆ. 30,000ಕ್ಕೆ ಮೇಲ್ಪಟ್ಟ ನೀರುಹಕ್ಕಿಗಳು ಅಲ್ಲಿ ಗೂಡುಕಟ್ಟಿ ತಂಗುತ್ತವೆ. 2017ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲೆಂದು ಸಾರಿದರು. 2024ರ ಜನವರಿಯಲ್ಲಿ ಮಾಗಡಿ ಕೆರೆ ಮತ್ತು ಅಘನಾಶಿನಿಯ ಅಳಿವೆಗಳೊಡನೆ ಅದಕ್ಕೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಗೌರವವೂ ದೊರೆಯಿತು.

ಸಂರಕ್ಷಣಾ ಮೀಸಲು ಎಂಬ ವರ್ಗವನ್ನು 2002ರ ತಿದ್ದುಪಡಿಯಲ್ಲಿ ಹೊಸದಾಗಿ ಸೃಷ್ಟಿಸಿದರು. ಸರ್ಕಾರದ ನೆಲವನ್ನು, ಸುತ್ತಲಿನ ಜನರೊಡನೆ ಸಮಾಲೋಚಿಸಿ, ಅವರನ್ನು ಹೊರಗಟ್ಟದೆ ಕಾಪಾಡುವುದು ಇದರ ಉದ್ದೇಶ. ಆದಕಾರಣ ಧಾಮದ ಕಟ್ಟಳೆಗಳಲ್ಲಿ ಕೆಲವು ಮಾತ್ರ ಇಲ್ಲಿಗೆ ಅನ್ವಯಿಸುತ್ತವೆ. ಬೆಂಕಿ, ಸಿಡಿಮದ್ದು, ವಿಷಪದಾರ್ಥ ಇವುಗಳ ನಿಷೇಧ ಉಂಟು. ಹಕ್ಕಿಯನ್ನು ಹಿಡಿಯುವುದೂ ಗೂಡು ಕೆಡಿಸುವುದೂ ಎಲ್ಲಿಯಾದರೂ ಅಪರಾಧವೇ ಆದುದರಿಂದ ಇಲ್ಲಿಯೂ ಅಪರಾಧ. ಆದರೆ ಧಾಮದೊಳಗಿನ ಬೇಟೆಗೆ ಇರುವ ಮೂರು ವರ್ಷದ ಕನಿಷ್ಠ ಸಜೆ ಮೀಸಲಿಗೆ ತಾನಾಗಿ ಹತ್ತುವುದಿಲ್ಲ. ಪ್ರಾಣಿಯು ಮೊದಲನೆಯ ಅನುಸೂಚಿಯದಾಗಿದ್ದರೆ ಮಾತ್ರ. ವಾಸಸ್ಥಾನವನ್ನು ಕೆಡಿಸಬಾರದೆಂಬ 29ನೆಯ ಪ್ರಕರಣವೂ ಇಲ್ಲಿಗೆ ಬಂದಿಲ್ಲ. ಇದಕ್ಕೆ ಪ್ರತಿಯಾಗಿ ಒಂದು ವಿಶೇಷ ಕರ್ತವ್ಯವನ್ನು ಶಾಸನವು ಒಳಗಿರುವ ಜನರ ಮೇಲೆ ಹೊರಿಸಿದೆ: ಅಪರಾಧವನ್ನು ತಡೆಯುವುದು, ನಡೆದರೆ ಪತ್ತೆಗೆ ನೆರವಾಗುವುದು, ಪ್ರಾಣಿ ಸತ್ತುದು ಕಂಡರೆ ತಿಳಿಸುವುದು, ಬೆಂಕಿ ಬಿದ್ದರೆ ಆರಿಸುವುದು. ಇಲ್ಲಿ ಊರೇ ಕಾವಲುಗಾರ.

ರಾಮ್ಸಾರ್ ಎಂಬ ಬಿರುದು ಶಿಕ್ಷೆಯನ್ನು ಹೆಚ್ಚಿಸುತ್ತದೆಯೆ? ಇಲ್ಲ. ಅದು ಗೌರವ, ದಂಡವಿಧಾನವಲ್ಲ. ಇಂಥ ಕೆರೆಗಳನ್ನು ತುಂಬಿಸಿ ಕಟ್ಟಡ ಕಟ್ಟಬಾರದು, ಕಸ ಸುರಿಯಬಾರದು ಎಂಬ 2017ರ ತೇವಭೂಮಿಯ ನಿಯಮಗಳು ಇವೆ. ಆದರೆ ವನ್ಯಜೀವಿ ಶಾಸನದ ವ್ಯಾಪ್ತಿಗೆ ಸೇರಿದ ತಾಣಗಳಿಗೆ ಆ ನಿಯಮಗಳು ಅನ್ವಯಿಸವೆಂದು ಅವುಗಳಲ್ಲಿಯೇ ಬರೆದಿದೆ. ಹೊರಗಿನ ಕೆರೆಗಳಿಗಾದರೂ ಆ ನಿಯಮಗಳ ಹಿಂದೆ ನಿಂತಿರುವುದು 1986ರ ಪರಿಸರ ಸಂರಕ್ಷಣಾ ಶಾಸನ. ಅದರಲ್ಲಿ ಮೊದಲು ಐದು ವರ್ಷದವರೆಗೆ ಸಜೆಯ ವಿಧಿಯಿತ್ತು. 2023ರ ಜನವಿಶ್ವಾಸ ಶಾಸನವು ಆ ಸಜೆಯನ್ನು ತೆಗೆದುಹಾಕಿ, 2024ರ ಏಪ್ರಿಲ್ 1ರಿಂದ ಹತ್ತು ಸಾವಿರದಿಂದ ಹದಿನೈದು ಲಕ್ಷದವರೆಗೆ ಹಣದ ದಂಡವನ್ನು ಗೊತ್ತುಮಾಡಿತು. ಆ ಹಣವನ್ನು ಕಟ್ಟದೆ ಹೋದರೆ ಮಾತ್ರ ಸೆರೆಮನೆಯ ಮಾತು. ಕೆರೆಯ ಅಂಚಿನ ಗೂಡಿನಿಂದ ಮೊಟ್ಟೆ ಕದ್ದ ಹುಡುಗನ ಅಪರಾಧಕ್ಕೆ ಸಜೆಯುಂಟು. ಅಂಥದೇ ಬೇರೊಂದು ಕೆರೆಯನ್ನು ತುಂಬಿಸಿದ ಧನಿಕನ ಅಪರಾಧಕ್ಕೆ ಚೆಕ್ಕು ಬರೆದರೆ ಸಾಕು. ಶಾಸನಕರ್ತರು ಇದಕ್ಕೆ ಕಾರಣಗಳನ್ನು ಕೊಡದೆ ಇಲ್ಲ; ಆದರೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮನಸ್ಸಿಗೆ ಒಗ್ಗುವುದಿಲ್ಲ.

ವಿಚಾರಣೆಯ ಕ್ರಮದಲ್ಲಿಯೂ ಕೆಲವು ವಿಶೇಷಗಳಿವೆ. ಸಾಮಾನ್ಯವಾಗಿ ಅಪರಾಧವನ್ನು ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ಇಲ್ಲಿ ಆಪಾದಿತನ ವಶದಲ್ಲಿ ಮಾಂಸವೋ ಚರ್ಮವೋ ಸಿಕ್ಕಿದ್ದು ರುಜುವಾತಾದರೆ, ಅದನ್ನು ನ್ಯಾಯವಾಗಿ ಪಡೆದೆನೆಂದು ತೋರಿಸುವ ಹೊಣೆ ಅವನ ಮೇಲೆ ಬೀಳುತ್ತದೆ. ಹಿಂದೆ ಒಮ್ಮೆ ಶಿಕ್ಷೆಯಾದವನು ಘೋರ ವರ್ಗದ ಅಪರಾಧದಲ್ಲಿ ಮತ್ತೆ ಬಂಧಿತನಾದರೆ ಜಾಮೀನು ಸುಲಭವಾಗಿ ಸಿಗದು. ಕೋವಿಯ ಲೈಸೆನ್ಸು ಇದ್ದವನಿಗೆ ಶಿಕ್ಷೆಯಾದರೆ ಅದು ರದ್ದಾಗಿ ಐದು ವರ್ಷದವರೆಗೆ ಹೊಸದು ಸಿಗದಂತೆ ಆಗಬಹುದು. ಅಪರಾಧಕ್ಕೆ ಉಪಯೋಗಿಸಿದ ವಾಹನವೂ ಆಯುಧವೂ ಸರ್ಕಾರಕ್ಕೆ ಸೇರುತ್ತವೆ. ಹಗುರವಾದ ಅಪರಾಧಗಳನ್ನು ಹಣ ಕಟ್ಟಿಸಿಕೊಂಡು ರಾಜಿಮಾಡುವ ಅಧಿಕಾರ ಇಲಾಖೆಗೆ ಉಂಟು. 2022ರಲ್ಲಿ ಆ ಹಣದ ಮಿತಿಯನ್ನು 25,000ದಿಂದ ಐದು ಲಕ್ಷಕ್ಕೆ ಏರಿಸಿದರು. ಕನಿಷ್ಠ ಸಜೆ ಗೊತ್ತಾಗಿರುವ ಅಪರಾಧಗಳಿಗೆ ರಾಜಿಯೇ ಇಲ್ಲ. ಬೇಯಿಸಿದ ಮಾಂಸ ಯಾವ ಪ್ರಾಣಿಯದೆಂಬುದನ್ನು ಹೈದರಾಬಾದಿನ ಮತ್ತು ಡೆಹ್ರಾಡೂನಿನ ಪ್ರಯೋಗಶಾಲೆಗಳು ಈಗ ಕಂಡುಹಿಡಿದು ಹೇಳಬಲ್ಲವು. ಇದು ಆಡಿನದೆಂದು ಸಾಧಿಸುವ ಕಾಲ ಹೋಯಿತು.

ಇಷ್ಟೆಲ್ಲ ಇದ್ದರೂ ನ್ಯಾಯದ ರಥ ನಿಧಾನವಾಗಿಯೇ ಚಲಿಸುತ್ತದೆ. 1998ರಲ್ಲಿ ರಾಜಸ್ಥಾನದ ಜೋಧಪುರದ ಬಳಿ ಎರಡು ಕೃಷ್ಣಮೃಗಗಳನ್ನು ಕೊಂದರೆಂದು ಪ್ರಸಿದ್ಧ ಚಲನಚಿತ್ರ ನಟರೊಬ್ಬರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಲಯದ ತೀರ್ಪು ಬಂದುದು 2018ರಲ್ಲಿ: ಐದು ವರ್ಷದ ಸಜೆ, ಹತ್ತು ಸಾವಿರ ಜುಲ್ಮಾನೆ. ಅದರ ಮೇಲೆ ಅಪೀಲು. ಕೃಷ್ಣಮೃಗದ ಆಯುಸ್ಸಿಗಿಂತ ಮೊಕದ್ದಮೆಯ ಆಯುಸ್ಸು ದೊಡ್ಡದಾಯಿತು. ಇನ್ನೊಂದು ತಮಾಷೆಯೂ ಇದೆ. ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರು ಮೂರು ವರ್ಷಕ್ಕೆ ಮೀರಿದ ಸಜೆ ಕೊಡಲು ಅಧಿಕಾರವುಳ್ಳವರಲ್ಲ. ಕರಡಿಯ ಮೊಕದ್ದಮೆ ಅವರೆದುರಿಗೆ ಬಂದಾಗ ಶಾಸನದ ಪ್ರಕಾರ ಮೂರಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಅಧಿಕಾರದ ಪ್ರಕಾರ ಮೂರಕ್ಕಿಂತ ಮೇಲೆ ಏರುವಂತಿಲ್ಲ. ಏಳು ವರ್ಷದ ಭಯ ಪುಸ್ತಕದಲ್ಲಿಯೇ ಉಳಿಯುತ್ತದೆ.

ಈಗ ಹೊಲದ ಕಡೆಗೆ ತಿರುಗೋಣ. ಶಾಸನವನ್ನು ಹೊಗಳಿ ಮುಗಿಸುವುದು ಪಟ್ಟಣದಲ್ಲಿರುವ ನಮಗೆ ಸುಲಭ. ನಸುಕಿನಲ್ಲಿ ಹೊಲಕ್ಕೆ ಹೊರಟ ರೈತನ ಎದುರಿಗೆ ಮರಿಗಳೊಡನೆ ಕರಡಿ ಬಂದಿತೆಂದರೆ ಅದು ಮುಖಕ್ಕೇ ಕೈಹಾಕುತ್ತದೆ. ಅಂಥ ಗಾಯದಿಂದ ಕಣ್ಣು ಮೂಗು ಕಳೆದುಕೊಂಡು ಬದುಕಿದವರ ಬಾಳು ಹೇಗಿರುತ್ತದೆಂಬುದನ್ನು ಯಾರೂ ಊಹಿಸಬಹುದು. ಆತ್ಮರಕ್ಷಣೆಗಾಗಿಯೋ ಇನ್ನೊಬ್ಬನ ರಕ್ಷಣೆಗಾಗಿಯೋ ಸದ್ಭಾವದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲವೆಂದು 11ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಆ ಹೊತ್ತಿನಲ್ಲಿ ಅವನೇ ಶಾಸನವನ್ನು ಮೀರಿ ಉರುಲು ಹಾಕುತ್ತಿದ್ದನೆಂದರೆ ಈ ರಕ್ಷಣೆ ಸಿಗದು. ಜೀವ ಉಳಿಸಿಕೊಳ್ಳಲು ಕೊಲ್ಲಬಹುದು. ಬೆಳೆ ಉಳಿಸಿಕೊಳ್ಳಲು ತಾನಾಗಿಯೇ ಕೊಲ್ಲುವಂತಿಲ್ಲ. ಬೆಳೆಗೆ ಸರ್ಕಾರದಿಂದ ಪರಿಹಾರವನ್ನು ಕೇಳಬೇಕು. ಪ್ರಾಣಹಾನಿಯಾದಲ್ಲಿ ಕೊಡುವ ಪರಿಹಾರವನ್ನು ಕರ್ನಾಟಕದಲ್ಲಿ 2022ರಲ್ಲಿ ಏಳೂವರೆ ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿದರು. ಅರ್ಜಿ, ಪಂಚನಾಮೆ, ಪಹಣಿ, ಬ್ಯಾಂಕಿನ ಪುಸ್ತಕ ಎಂದು ಅಲೆಯುವವನಿಗೆ ಒಂದು ತಂತಿಯ ಉರುಲಿನ ಬೆಲೆ ಬಹಳ ಅಗ್ಗವಾಗಿ ಕಂಡರೆ ಅವನೊಬ್ಬನನ್ನೇ ದೂರಿ ಫಲವೇನು?

ಕೌಟಿಲ್ಯನನ್ನು ನೆನೆಯಬೇಕೆಂದು ಹೇಳಿದ್ದೆವಷ್ಟೆ. ಪಿತ್ತಕೋಶಕ್ಕಾಗಿ ಕರಡಿಯನ್ನು ಕೊಂದು ಹೊರದೇಶಕ್ಕೆ ಸಾಗಿಸುವ ಜಾಲದವನಿಗೂ, ಹಂದಿಗಿಟ್ಟ ಉರುಲಿನಲ್ಲಿ ಕರಡಿಯನ್ನು ಕಂಡು ಹೆದರಿ ಹೂತುಹಾಕಿದ ಒಕ್ಕಲಿಗನಿಗೂ ಕನಿಷ್ಠ ಮೂರು ವರ್ಷವೆಂಬ ಒಂದೇ ಅಳತೆ ಇರುವುದು ನಮಗೆ ಸರಿದೋರುವುದಿಲ್ಲ. ದಯೆಗಾಗಿ ಮಾತ್ರ ಹೀಗೆ ಹೇಳುತ್ತಿಲ್ಲ. ಶಿಕ್ಷೆ ಎಷ್ಟು ಕಠಿಣವೆಂಬುದಕ್ಕಿಂತ ಎಷ್ಟು ನಿಶ್ಚಿತವೆಂಬುದೇ ಅಪರಾಧವನ್ನು ತಡೆಯುತ್ತದೆಂದು ಇಟಲಿಯ ಬೆಕ್ಕಾರಿಯ 1764ರಲ್ಲಿಯೇ ವಾದಿಸಿದನು. ನೆರೆಹೊಲದವನಿಗೆ ಏಳು ವರ್ಷ ಸಜೆಯಾದೀತೆಂಬ ಭಯವಿದ್ದಲ್ಲಿ ಕಣ್ಣಾರೆ ಕಂಡವನೂ ಸಾಕ್ಷಿ ಹೇಳುವುದಿಲ್ಲ. ಸಾಕ್ಷಿಯಿಲ್ಲದೆ ಮೊಕದ್ದಮೆ ನಿಲ್ಲುವುದಿಲ್ಲ. ಹೀಗೆ ಶಿಕ್ಷೆಯ ಭಾರವೇ ಶಿಕ್ಷೆಯನ್ನು ಮುರಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಕನಿಷ್ಠವನ್ನು ಸಡಿಲಿಸಿದರೆ ಜಾಲದವರೂ ಒಕ್ಕಲ ವೇಷ ಹಾಕಿ ಬರುವರೆಂದು ಇಲಾಖೆಯವರು ಹೇಳಬಹುದು. ಅದರಲ್ಲಿಯೂ ಹುರುಳಿಲ್ಲದಿಲ್ಲ. ಮರಳಿ ಮರಳಿ ಮಾಡಿದವನಿಗೂ ವ್ಯಾಪಾರಕ್ಕಾಗಿ ಮಾಡಿದವನಿಗೂ ಕನಿಷ್ಠವನ್ನು ಉಳಿಸಿ, ಮಿಕ್ಕವರನ್ನು ನ್ಯಾಯಾಧೀಶರ ವಿವೇಚನೆಗೆ ಬಿಡುವುದು ಮೇಲೆಂದು ನಮ್ಮ ಅಭಿಪ್ರಾಯ.

ಹರಪನಹಳ್ಳಿಯಿಂದ ಪಶ್ಚಿಮಕ್ಕೆ, ತುಂಗಭದ್ರೆಯ ಆಚೆಗೆ, ರಾಣೆಬೆನ್ನೂರಿನ ಕೃಷ್ಣಮೃಗಧಾಮವಿದೆ, 1974ರಲ್ಲಿ ಆದದ್ದು. ಅಲ್ಲಿ ಯರ್ಲಡ್ಡು ಹಕ್ಕಿಯೂ ಇತ್ತು. ಬಯಲುಸೀಮೆಯ ಹುಲ್ಲುಗಾವಲೇ ಆ ಹಕ್ಕಿಯ ಮನೆ. ಬಯಲೆಂದರೆ ಬರಡೆಂದು ಬಗೆದು ನೀಲಗಿರಿಯ ಮರಗಳನ್ನು ನೆಟ್ಟರು. ಒಳ್ಳೆಯ ಉದ್ದೇಶದಿಂದಲೇ ನೆಟ್ಟದ್ದು. ಯಾವ ಪ್ರಕರಣದಲ್ಲಿಯೂ ಅದು ಅಪರಾಧವಲ್ಲ. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಆ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು.

ಕೊನೆಯದಾಗಿ ನಮ್ಮ ನಮ್ಮ ಮನೆಗಳ ವಿಷಯ. 2023ರ ಅಕ್ಟೋಬರಿನಲ್ಲಿ ಕನ್ನಡದ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಹುಲಿಯುಗುರಿನ ಪದಕ ಧರಿಸಿ ಕಾಣಿಸಿಕೊಂಡವರೊಬ್ಬರು ಬಂಧಿತರಾದುದು ಅನೇಕರಿಗೆ ನೆನಪಿರಬಹುದು. ಆಮೇಲೆ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಗಡಿಬಿಡಿಯಾಯಿತು. ತಾತನ ಕಾಲದ ಜಿಂಕೆಯ ಕೊಂಬು, ಪೂಜೆಯ ಕೋಣೆಯ ಕೃಷ್ಣಾಜಿನ, ಮಗುವಿನ ಕೊರಳಿನ ಉಗುರು, ಇವುಗಳನ್ನು ಘೋಷಿಸಿಕೊಳ್ಳಲು 2003ರಲ್ಲಿ 180 ದಿನಗಳ ಅವಕಾಶ ಕೊಟ್ಟಿದ್ದರು. ಆಗ ಘೋಷಿಸಿ ಪ್ರಮಾಣಪತ್ರ ಪಡೆದವರು ಇಟ್ಟುಕೊಳ್ಳಬಹುದು, ಮಾರುವಂತಿಲ್ಲ. ಪ್ರಮಾಣಪತ್ರವಿಲ್ಲದವರು ಇಟ್ಟುಕೊಂಡಿರುವುದು ಅಪರಾಧ. ತಾತನದೆಂಬುದು ಸಮಾಧಾನವಾಗದು. ನವಿಲು ತಾನಾಗಿ ಉದುರಿಸಿದ ಗರಿಗೆ ಮಾತ್ರ ಶಾಸನವು ರಿಯಾಯಿತಿ ತೋರಿಸಿದೆ. ಪಂಜರದ ಗಿಳಿಗೂ ಪೆಟ್ಟಿಗೆಯ ನಕ್ಷತ್ರದ ಆಮೆಗೂ ಆ ರಿಯಾಯಿತಿಯಿಲ್ಲ. ಆಮೆಯಂತೂ ಈಗ ಕರಡಿಯ ಸಾಲಿನಲ್ಲಿಯೇ, ಮೊದಲನೆಯ ಅನುಸೂಚಿಯಲ್ಲಿದೆ. ಅಪರಾಧವನ್ನು ಕಂಡ ಯಾವ ನಾಗರಿಕನಾದರೂ ಇಲಾಖೆಗೆ ಅರವತ್ತು ದಿನಗಳ ತಿಳಿವಳಿಕೆಯ ಪತ್ರ ಕೊಟ್ಟು, ಆಮೇಲೆ ತಾನೇ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದೆಂದು 55ನೆಯ ಪ್ರಕರಣದಲ್ಲಿದೆ. ವಕೀಲರಲ್ಲಿಯೂ ಇದನ್ನು ಬಲ್ಲವರು ಕಡಮೆ. ದೂರು ಕೊಡುವವರು ಮೊದಲು ತಮ್ಮ ನಡುಮನೆಯ ಗೋಡೆಯ ಮೇಲೆ ಏನು ತೂಗುಹಾಕಿದೆಯೆಂದು ಒಮ್ಮೆ ನೋಡಿಕೊಂಡು ಹೊರಡುವುದು ಕ್ಷೇಮ.